ಹಳೆಯ ಕನ್ನಡ ಫೈಲು ಗೀಚಿದಂತೆ ಕಾಣುತ್ತಿದೆಯೇ? ಅಳಿಸಬೇಡಿ, ಮೊದಲು ಫಾಂಟ್ ನೋಡಿ

ನಮ್ಮ ತಂಡದ ಗೆಳೆಯರೊಬ್ಬರ ಸೋದರತ್ತೆ ಹಸೆಗೆ ಕರೆಯುವ ಹಾಡು, ಆರತಿ ಹಾಡು, ಜೋಗುಳ ಎಂದು ನೂರಕ್ಕೂ ಹೆಚ್ಚು ಹಾಡುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. 2005ರ ಸುಮಾರಿಗೆ ಮನೆಯವರು ಅದನ್ನೆಲ್ಲ ಊರಿನ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ ಸಿಡಿಗೆ ಹಾಕಿಸಿಕೊಂಡರು. ನೋಟ್‌ಬುಕ್ಕು ಒಂದು ಮಳೆಗಾಲದಲ್ಲಿ ಗೆದ್ದಲಿನ ಪಾಲಾಯಿತು. ಅತ್ತೆಯೂ ಈಗಿಲ್ಲ. ಕಳೆದ ವರ್ಷ ಮನೆಯಲ್ಲಿ ಮದುವೆ ಗೊತ್ತಾದಾಗ ಹಾಡುಗಳ ನೆನಪಾಯಿತು. ಸಿಡಿಯಿಂದ ಫೈಲು ತೆಗೆದು ನೋಡಿದರೆ ಅದರಲ್ಲಿ ಒಂದೇ ಒಂದು ಕನ್ನಡ ಅಕ್ಷರವಿಲ್ಲ! ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ತಲೆಯ ಮೇಲೆ ಗೆರೆ ಹೊತ್ತ ವಿಚಿತ್ರ ಚಿಹ್ನೆಗಳು, ಇಷ್ಟೇ.

ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೋ ಹಾಕಿದ ಕೂಡಲೇ ಸಲಹೆಗಳು ಬಂದವು. "ಅಣ್ಣಾ, ಫೈಲ್ ಕರಪ್ಟ್ ಆಗಿದೆ, ಇಟ್ಕೊಂಡು ಏನ್ ಮಾಡ್ತೀಯ" ಎಂದರು ಒಬ್ಬರು. "ವೈರಸ್ ಇರ್ಬೇಕು, ಮೊದಲು ಡಿಲೀಟ್ ಮಾಡು" ಎಂದರು ಇನ್ನೊಬ್ಬರು. ಮೂರನೆಯವರು ಎಲ್ಲಿಂದಲೋ ಬಂದಿದ್ದ ಒಂದು ಲಿಂಕ್ ಕಳಿಸಿ, ಈ ಫಾಂಟ್ ಹಾಕಿಕೊಂಡರೆ ಕನ್ನಡದ ಎಲ್ಲ ಫೈಲೂ ಓದಲು ಬರುತ್ತದೆ ಎಂದರು.

ಮೂರು ಮಾತೂ ತಪ್ಪು. ಫೈಲು ಕೆಟ್ಟಿರಲಿಲ್ಲ, ವೈರಸ್ ಇರಲಿಲ್ಲ, ಎಲ್ಲ ಫೈಲುಗಳನ್ನೂ ಓದಿಸುವ ಒಂದೇ ಫಾಂಟ್ ಎಂಬುದು ಇಲ್ಲವೇ ಇಲ್ಲ. ಹಾಡುಗಳೆಲ್ಲ ಅಲ್ಲೇ ಸುರಕ್ಷಿತವಾಗಿದ್ದವು. ಅವು ಕಾಣಬೇಕಾದರೆ ಆ ಫೈಲಿಗೆ ಹೊಂದುವ ಫಾಂಟ್ ಬೇಕಿತ್ತು, ಅಷ್ಟೇ.

ಇಂಥ ಫೈಲುಗಳು ಸಾವಿರಾರು ಮನೆ, ಕಚೇರಿ, ಸಂಘ ಸಂಸ್ಥೆಗಳಲ್ಲಿ ಇವೆ. ಯಾರದೋ ಪಿಎಚ್‌ಡಿ ಪ್ರಬಂಧ, ದೇವಸ್ಥಾನದ ಲೆಕ್ಕ, ಜಮೀನಿನ ಕರಾರು, ಹಳೆಯ ನಾಟಕದ ಪ್ರತಿ. ಅವುಗಳನ್ನು ಅಳಿಸುವ ಮೊದಲು ಫಾಂಟ್ ಎಂದರೇನು, ಅದನ್ನು ಕಂಪ್ಯೂಟರಿಗೆ ಹಾಕುವುದು ಹೇಗೆ, ಯಾವಾಗ ಅದರಿಂದ ಪ್ರಯೋಜನವಿಲ್ಲ ಎಂಬುದನ್ನು ತಿಳಿದುಕೊಳ್ಳೋಣ.

ಫಾಂಟ್ ಎಂದರೆ ಏನು?

ಕಂಪ್ಯೂಟರಿಗೆ ಕ, ಖ, ಗ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಂಕಿಗಳು ಮಾತ್ರ. ನಾವು 'ಕನ್ನಡ' ಎಂದು ಟೈಪ್ ಮಾಡಿದಾಗ ಫೈಲಿನಲ್ಲಿ ಉಳಿಯುವುದು ಅಂಕಿಗಳ ಒಂದು ಸಾಲು. ಆ ಅಂಕಿಗಳನ್ನು ನೋಡಿ ಪರದೆಯ ಮೇಲೆ ಅಕ್ಷರದ ಚಿತ್ರ ಬಿಡಿಸಿಕೊಡುವುದು ಫಾಂಟಿನ ಕೆಲಸ. ಅಂದರೆ ಫಾಂಟ್ ಎನ್ನುವುದು ಚಿತ್ರಗಳ ಒಂದು ಪೆಟ್ಟಿಗೆ. ಯಾವ ಅಂಕಿಗೆ ಯಾವ ಚಿತ್ರ ಎಂಬ ಪಟ್ಟಿಯೂ ಅದರೊಳಗೇ ಇರುತ್ತದೆ.

ಇಲ್ಲಿ ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ನೆನಪಿಡಬೇಕು. ಅಂಕಿಗಳು ಫೈಲಿನಲ್ಲಿರುತ್ತವೆ, ಚಿತ್ರಗಳು ಕಂಪ್ಯೂಟರಿನಲ್ಲಿರುತ್ತವೆ. ನೀವು ಫೈಲನ್ನು ಬೇರೆಯವರಿಗೆ ಕಳಿಸಿದಾಗ ಸಾಮಾನ್ಯವಾಗಿ ಹೋಗುವುದು ಅಂಕಿಗಳು ಮಾತ್ರ. ಆ ಕಡೆಯ ಕಂಪ್ಯೂಟರಿನಲ್ಲಿ ಸರಿಯಾದ ಪೆಟ್ಟಿಗೆ ಇಲ್ಲದಿದ್ದರೆ ಅಕ್ಷರ ಕಾಣುವುದಿಲ್ಲ, ಅಥವಾ ಬೇರೇನೋ ಕಾಣುತ್ತದೆ.

ಒಂದೇ 'ಕನ್ನಡ', ಎರಡು ಲೆಕ್ಕ

ಹಾಗಾದರೆ ಕನ್ನಡದ ಫೈಲು ಇಂಗ್ಲಿಷಿನಂತೆ ಕಾಣುವುದು ಏಕೆ? ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಂಪ್ಯೂಟರ್ ನಮ್ಮ ಊರುಗಳಿಗೆ ಬಂದ ಕಾಲದಲ್ಲಿ ಅಕ್ಷರಗಳಿಗೆ ಇದ್ದ ಜಾಗ ಬಹಳ ಕಡಿಮೆ. ಆಸ್ಕಿ ಎಂಬ ಮೂಲ ಪಟ್ಟಿಯಲ್ಲಿ 128 ಸ್ಥಾನಗಳಿದ್ದವು. ಅದನ್ನು ಹಿಗ್ಗಿಸಿದಾಗ ಸಿಕ್ಕಿದ್ದು 256. ಅವೆಲ್ಲ ಇಂಗ್ಲಿಷ್ ಮತ್ತು ಯುರೋಪಿನ ಇತರ ಭಾಷೆಗಳ ಅಕ್ಷರಗಳಿಗೆ ಹಂಚಿಹೋಗಿದ್ದವು. ಕನ್ನಡಕ್ಕೆ ಅಲ್ಲಿ ಮನೆಯೇ ಇರಲಿಲ್ಲ. ಆಗ ನಮ್ಮ ತಂತ್ರಜ್ಞರು ಒಂದು ಜಾಣ ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸಿದ ಫಾಂಟುಗಳನ್ನು ತಯಾರಿಸಿದರು. ಕಂಪ್ಯೂಟರ್ ಇಂಗ್ಲಿಷ್ ಎಂದೇ ತಿಳಿದಿರುತ್ತದೆ, ನಮ್ಮ ಕಣ್ಣಿಗೆ ಮಾತ್ರ ಕನ್ನಡ ಕಾಣುತ್ತದೆ!

1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ ರೂಪಿಸಿದ ನುಡಿ, ಡಿಟಿಪಿ ಅಂಗಡಿಗಳಲ್ಲಿ ಹೆಸರಾಗಿದ್ದ ಶ್ರೀಲಿಪಿ ಇವೆಲ್ಲ ಈ ದಾರಿಯಲ್ಲೇ ಕೆಲಸ ಮಾಡಿದವು. ಕನ್ನಡವನ್ನು ಕಂಪ್ಯೂಟರಿನಲ್ಲಿ ಉಳಿಸಿದ ಶ್ರೇಯಸ್ಸು ಇಂಥ ತಂತ್ರಾಂಶಗಳಿಗೆ ಸಲ್ಲಬೇಕು. ಆದರೆ ಒಂದು ತೊಡಕು ಉಳಿಯಿತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ಒಳಗಿರುವ ಇಂಗ್ಲಿಷ್ ವೇಷವೇ ಹೊರಗೆ ಕಾಣುತ್ತದೆ.

ಉದಾಹರಣೆಗೆ ನುಡಿಯ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂಬ ಪದ ಫೈಲಿನೊಳಗೆ 80, 192, 163, 192, 223, 113, 192 ಎಂಬ ಏಳು ಅಂಕಿಗಳಾಗಿ ಕೂತಿರುತ್ತದೆ. ಆ ಫಾಂಟ್ ತೆಗೆದುಬಿಟ್ಟರೆ ಇದೇ ಅಂಕಿಗಳು ದೊಡ್ಡ 'ಪಿ', ಗೆರೆ ಹೊತ್ತ 'ಎ', ಪೌಂಡಿನ ಗುರುತು, ಮತ್ತೆ ಗೆರೆಯ 'ಎ', ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ 'ಕ್ಯೂ', ಇನ್ನೊಂದು ಗೆರೆಯ 'ಎ' ಆಗಿ ಕಾಣುತ್ತವೆ. ನಮ್ಮ ಗೆಳೆಯರು ನೋಡಿದ ಗೀಚು ಇದೇ.

ಈ ಗೊಂದಲಕ್ಕೆ ಪರಿಹಾರವಾಗಿ ಬಂದದ್ದು ಯೂನಿಕೋಡ್. 1991ರಲ್ಲಿ ಅದರ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ ಪ್ರತ್ಯೇಕ ಜಾಗ ಸಿಕ್ಕಿತು. 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೇ ಮೀಸಲು. ಇದರಲ್ಲಿ 'ಕನ್ನಡ' ಎಂದರೆ 3221, 3240, 3277, 3240, 3233 ಎಂಬ ಐದು ಅಂಕಿಗಳು. ಕ, ನ, ಹಲಂತದ ಗುರುತು, ನ, ಡ. ಈ ಅಂಕಿಗಳಿಗೆ ಜಗತ್ತಿನ ಯಾವ ಕಂಪ್ಯೂಟರಿನಲ್ಲೂ, ಯಾವ ಫೋನಿನಲ್ಲೂ ಬೇರೆ ಅರ್ಥವಿಲ್ಲ. ನೀವು ವಾಟ್ಸ್ಆ್ಯಪಿನಲ್ಲಿ ಟೈಪ್ ಮಾಡುವ ಕನ್ನಡ, ಈಗ ಓದುತ್ತಿರುವ ಈ ಲೇಖನ ಎಲ್ಲವೂ ಯೂನಿಕೋಡ್.

ಯೂನಿಕೋಡ್ ಬಂದ ಮೇಲೂ ಹಳೆಯ ಪದ್ಧತಿ ಏಕೆ ಉಳಿಯಿತು? ಅಚ್ಚಿನ ಕೆಲಸಕ್ಕೆ ಬಹುಕಾಲ ಬಳಕೆಯಲ್ಲಿದ್ದ ಪೇಜ್‌ಮೇಕರ್ ಒಂದು ಮುಖ್ಯ ಕಾರಣ. 2001ರಲ್ಲಿ ಬಂದ ಅದರ ಕೊನೆಯ ಆವೃತ್ತಿಗೂ ಯೂನಿಕೋಡ್ ಅರ್ಥವಾಗುತ್ತಿರಲಿಲ್ಲ. ಲಗ್ನಪತ್ರಿಕೆ, ಕರಪತ್ರ, ಪುಸ್ತಕ ಎಲ್ಲವೂ ಹಳೆಯ ಫಾಂಟುಗಳಲ್ಲೇ ತಯಾರಾಗುತ್ತಾ ಹೋದವು.

ಮೊದಲು ರೋಗ ಗುರುತಿಸಿ

ಕನ್ನಡ ಸರಿಯಾಗಿ ಕಾಣದಿದ್ದರೆ ಎಲ್ಲದಕ್ಕೂ ಒಂದೇ ಮದ್ದಲ್ಲ. ಪರದೆಯ ಮೇಲೆ ಏನು ಕಾಣುತ್ತಿದೆ ಎಂಬುದನ್ನು ಗಮನಿಸಿದರೆ ಕಾರಣ ತಿಳಿಯುತ್ತದೆ.

1. ಸಾಲಾಗಿ ಖಾಲಿ ಚೌಕಗಳು: ಇದು ಯೂನಿಕೋಡ್ ಪಠ್ಯ. ಅಂಕಿಗಳು ಸರಿಯಾಗಿವೆ, ಚಿತ್ರಗಳಿಲ್ಲ. ಯಾವುದಾದರೂ ಒಂದು ಯೂನಿಕೋಡ್ ಕನ್ನಡ ಫಾಂಟ್ ಹಾಕಿದರೆ ಸಾಕು. ಈ ಚೌಕಗಳನ್ನು ತಂತ್ರಜ್ಞರು ತಮಾಷೆಗೆ 'ತೋಫು' ಎನ್ನುತ್ತಾರೆ. ಗೂಗಲ್‌ನ 'ನೋಟೋ' ಫಾಂಟುಗಳ ಹೆಸರಿನ ಮೂಲ ಇದೇ: 'ನೋ ತೋಫು', ಅಂದರೆ ಇನ್ನು ಚೌಕಗಳು ಕಾಣಬಾರದು!

2. ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ: ಇದು ಹಳೆಯ ಪದ್ಧತಿಯ ಪಠ್ಯ. ಯೂನಿಕೋಡ್ ಫಾಂಟ್ ಎಷ್ಟು ಹಾಕಿದರೂ ಪ್ರಯೋಜನವಿಲ್ಲ. ಯಾವ ಫಾಂಟಿನಲ್ಲಿ ಟೈಪ್ ಮಾಡಿದ್ದರೋ ಅದೇ ಬೇಕು, ಇಲ್ಲವೇ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಬೇಕು.

3. ಕನ್ನಡ ಕಾಣುತ್ತದೆ, ಆದರೆ ಒತ್ತಕ್ಷರ ಬಿಡಿಬಿಡಿ: 'ಸ್ತ್ರೀ' ಎಂಬ ಒಂದು ಅಕ್ಷರದಲ್ಲಿ ಯೂನಿಕೋಡಿನ ಆರು ಅಂಕಿಗಳಿವೆ. ಅವುಗಳನ್ನು ಒಟ್ಟುಗೂಡಿಸಿ ಒಂದೇ ಆಕಾರವಾಗಿ ತೋರಿಸುವ ಕೆಲಸವನ್ನು ಫಾಂಟ್ ಮತ್ತು ತಂತ್ರಾಂಶ ಸೇರಿ ಮಾಡಬೇಕು. ಒತ್ತುಗಳು ಕೆಳಗೆ ಹೋಗದೆ ಪಕ್ಕದಲ್ಲೇ ನಿಂತರೆ ತಂತ್ರಾಂಶ ಹಳೆಯದಿರಬೇಕು, ಅಥವಾ ಅದರಲ್ಲಿ ಭಾರತೀಯ ಲಿಪಿಗಳ ಆಯ್ಕೆ ಚಾಲೂ ಇರಲಿಕ್ಕಿಲ್ಲ. ಚಿತ್ರ ಮತ್ತು ಪುಟ ವಿನ್ಯಾಸದ ತಂತ್ರಾಂಶಗಳಲ್ಲಿ ಇದು ಹೆಚ್ಚು.

4. ಬರೀ ಪ್ರಶ್ನಾರ್ಥಕ ಚಿಹ್ನೆಗಳು: ನಿಜವಾಗಿ ಕಳವಳಪಡಬೇಕಾದದ್ದು ಇದಕ್ಕೆ. ಕನ್ನಡ ಗೊತ್ತಿಲ್ಲದ ಪದ್ಧತಿಯಲ್ಲಿ ಫೈಲನ್ನು ಸೇವ್ ಮಾಡಿದಾಗ ಒಳಗಿನ ಅಂಕಿಗಳೇ ಅಳಿಸಿಹೋಗಿ ಅವುಗಳ ಜಾಗದಲ್ಲಿ ಪ್ರಶ್ನೆಯ ಗುರುತು ಕೂರುತ್ತದೆ. ಯಾವ ಫಾಂಟ್ ಹಾಕಿದರೂ ಅದು ಮರಳಿ ಬಾರದು. ಮೂಲ ಪ್ರತಿ ಎಲ್ಲಾದರೂ ಇದೆಯೇ ಹುಡುಕಬೇಕು.

ನಮ್ಮ ಗೆಳೆಯರದು ಎರಡನೆಯ ಬಗೆ. ಗುಂಪಿನಲ್ಲಿ ಬಂದ ಲಿಂಕಿನಲ್ಲಿದ್ದದ್ದು ಯೂನಿಕೋಡ್ ಫಾಂಟ್. ಹಾಕಿದರೂ ಏನೂ ಬದಲಾಗದಿದ್ದುದು ಆಶ್ಚರ್ಯವೇನಲ್ಲ.

ಯಾವ ಫಾಂಟ್ ಬೇಕೆಂದು ತಿಳಿಯುವುದು ಹೇಗೆ?

ಇದಕ್ಕೆ ಸುಲಭದ ಉಪಾಯವಿದೆ. ಫೈಲನ್ನು ವರ್ಡ್‌ನಲ್ಲಿ ತೆರೆದು, ಗೀಚಿದಂತೆ ಕಾಣುವ ಸಾಲಿನ ಮೇಲೆ ಒಮ್ಮೆ ಕ್ಲಿಕ್ ಮಾಡಿ. ಆಮೇಲೆ ಮೇಲ್ಗಡೆ ಹೋಮ್ ಪಟ್ಟಿಯಲ್ಲಿರುವ ಫಾಂಟಿನ ಹೆಸರಿನ ಪೆಟ್ಟಿಗೆ ನೋಡಿ. ಆ ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೂ ಟೈಪ್ ಮಾಡಿದಾಗ ಬಳಸಿದ ಫಾಂಟಿನ ಹೆಸರು ಅಲ್ಲಿ ಹಾಗೇ ಉಳಿದಿರುತ್ತದೆ. ನಮ್ಮ ಗೆಳೆಯರ ಫೈಲಿನಲ್ಲಿ ಅಲ್ಲಿದ್ದದ್ದು 'ನುಡಿ 01 ಇ'. 'ಬಿಆರ್‌ಎಚ್ ಕನ್ನಡ' ಎಂದಿದ್ದರೆ ಅದು ಬರಹದ ಫಾಂಟ್. ಹೆಸರಿನಲ್ಲಿ 'ಶ್ರೀ' ಮತ್ತು ಕೆಲವು ಅಂಕಿಗಳಿದ್ದರೆ ಬಹುಶಃ ಶ್ರೀಲಿಪಿ.

ಫಾಂಟಿನ ಹೆಸರು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಹಾಗಾಗಿ ಒಂದು ಎಚ್ಚರಿಕೆ. ಗೀಚಿದ ಪಠ್ಯವನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೋ ವಾಟ್ಸ್ಆ್ಯಪಿಗೋ ಹಾಕಬೇಡಿ. ಹಾಗೆ ಮಾಡಿದ ಪ್ರತಿಯಲ್ಲಿ ಫಾಂಟಿನ ಹೆಸರು ಕಳೆದುಹೋಗುತ್ತದೆ. ಮೂಲ ಫೈಲಿನ ಒಂದು ನಕಲು ಬೇರೆ ಕಡೆ ಇಟ್ಟುಕೊಂಡು, ನಕಲಿನ ಮೇಲೆ ಮಾತ್ರ ಪ್ರಯೋಗ ಮಾಡಿ.

ಫಾಂಟ್ ಹಾಕುವ ಕ್ರಮ

ಫಾಂಟ್ ಫೈಲುಗಳ ಹೆಸರಿನ ಕೊನೆಯಲ್ಲಿ ಸಾಮಾನ್ಯವಾಗಿ ಟಿಟಿಎಫ್ ಅಥವಾ ಒಟಿಎಫ್ ಎಂದಿರುತ್ತದೆ. ಡೌನ್‌ಲೋಡ್ ಮಾಡಿದಾಗ ಅವು ಜಿಪ್ ಎಂಬ ಗಂಟಿನೊಳಗೆ ಬರುವುದುಂಟು. ಮೊದಲು ಆ ಗಂಟು ಬಿಚ್ಚಿ.

ವಿಂಡೋಸ್: ಜಿಪ್ ಫೈಲಿನ ಮೇಲೆ ಬಲಗ್ಲಿಕ್ ಮಾಡಿ 'ಎಕ್ಸ್‌ಟ್ರ್ಯಾಕ್ಟ್ ಆಲ್' ಆರಿಸಿ. ಒಳಗಿರುವ ಫಾಂಟ್ ಫೈಲಿನ ಮೇಲೆ ಬಲಗ್ಲಿಕ್ ಮಾಡಿ 'ಇನ್‌ಸ್ಟಾಲ್' ಒತ್ತಿ. ಕಂಪ್ಯೂಟರನ್ನು ಮನೆಮಂದಿಯೆಲ್ಲ ಬೇರೆ ಬೇರೆ ಖಾತೆಗಳಲ್ಲಿ ಬಳಸುತ್ತಿದ್ದರೆ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಆರಿಸಿಕೊಳ್ಳಿ. ವಿಂಡೋಸ್ 11ರಲ್ಲಿ ಈ ಆಯ್ಕೆಗಳು ಕಾಣದಿದ್ದರೆ 'ಶೋ ಮೋರ್ ಆಪ್ಷನ್ಸ್' ಒಳಗೆ ನೋಡಿ. ಅಥವಾ ಸೆಟ್ಟಿಂಗ್ಸ್‌ನಲ್ಲಿ ಪರ್ಸನಲೈಸೇಷನ್, ಅದರೊಳಗೆ ಫಾಂಟ್ಸ್ ತೆರೆದು ಫಾಂಟ್ ಫೈಲನ್ನು ಅಲ್ಲಿಗೆ ಎಳೆದು ಬಿಟ್ಟರೂ ಆಗುತ್ತದೆ.

ಮ್ಯಾಕ್: ಫಾಂಟ್ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಫಾಂಟ್ ಬುಕ್ ಎಂಬ ಕಿಟಕಿ ತೆರೆದು ಅಕ್ಷರಗಳ ಮಾದರಿ ತೋರಿಸುತ್ತದೆ. ಅಲ್ಲೇ ಇರುವ 'ಇನ್‌ಸ್ಟಾಲ್' ಒತ್ತಿ.

ಲಿನಕ್ಸ್: ಉಬುಂಟುವಿನಂಥ ವ್ಯವಸ್ಥೆಗಳಲ್ಲಿ ಫಾಂಟ್ ಫೈಲನ್ನು ತೆರೆದರೆ 'ಇನ್‌ಸ್ಟಾಲ್' ಗುಂಡಿ ಸಿಗುತ್ತದೆ. ಗುಬ್ಬಿ, ನವಿಲು, ಲೋಹಿತ್ ಕನ್ನಡದಂಥ ಮುಕ್ತ ಫಾಂಟುಗಳು ಲಿನಕ್ಸ್ ಬಳಕೆದಾರರಿಗೆ ಹಳೆಯ ಪರಿಚಿತರು.

ಹಾಕಿದ ಮೇಲೆ ವರ್ಡ್ ಅಥವಾ ಲಿಬ್ರೆ ಆಫೀಸನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಇದೊಂದು ಸಣ್ಣ ಹೆಜ್ಜೆ ಮರೆತು 'ಫಾಂಟ್ ಬರಲೇ ಇಲ್ಲ' ಎಂದು ಕೈಬಿಡುವವರು ಬಹಳ ಮಂದಿ.

ಹೊಸದಾಗಿ ಬರೆಯಲು ಮಾತ್ರ ಕನ್ನಡ ಬೇಕಿದ್ದರೆ ಏನನ್ನೂ ಹಾಕಬೇಕಿಲ್ಲ ಎನ್ನುವುದೂ ಗೊತ್ತಿರಲಿ. 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೇ 'ತುಂಗಾ' ಎಂಬ ಕನ್ನಡ ಫಾಂಟ್ ಬಂದಿತ್ತು. ವಿಂಡೋಸ್ 8ರಿಂದ 'ನಿರ್ಮಲಾ ಯುಐ' ಇದೆ. ಮ್ಯಾಕ್‌ನಲ್ಲಿ 'ಕನ್ನಡ ಎಂಎನ್' ಮತ್ತು 'ಕನ್ನಡ ಸಂಗಮ್ ಎಂಎನ್' ಇವೆ. ಇನ್ನಷ್ಟು ಚಂದದ ಅಕ್ಷರ ಬೇಕೆನ್ನುವವರಿಗೆ ಗೂಗಲ್ ಫಾಂಟ್ಸ್ ತಾಣದಲ್ಲಿ ನೋಟೋ ಸೆರಿಫ್ ಕನ್ನಡ, ತಿರೋ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ, ಬೆಣ್ಣೆ ಮುಂತಾದವು ಉಚಿತವಾಗಿ ಸಿಗುತ್ತವೆ. ಪುಸ್ತಕದಂಥ ಉದ್ದನೆಯ ಬರಹಕ್ಕೆ ಮೊದಲೆರಡು ಹೊಂದುತ್ತವೆ. ಬಾಲೂ ತಮ್ಮದ ದಪ್ಪ ದುಂಡು ಅಕ್ಷರಗಳು ಪೋಸ್ಟರಿಗೆ ಚೆನ್ನ.

ಫಾಂಟ್ ಹಾಕಿದರೂ ಅಕ್ಷರ ಬದಲಾಗದಿದ್ದರೆ?

ವರ್ಡ್ ತಂತ್ರಾಂಶ ಇಂಗ್ಲಿಷಿಗೆ ಒಂದು ಫಾಂಟ್, ಕನ್ನಡದಂಥ ಲಿಪಿಗಳಿಗೆ ಇನ್ನೊಂದು ಫಾಂಟ್ ಎಂದು ಪ್ರತ್ಯೇಕ ಲೆಕ್ಕ ಇಡುತ್ತದೆ. ಆಯ್ಕೆ ಮಾಡಿದ ಪಠ್ಯ ಬದಲಾಗದಿದ್ದರೆ ಕಂಟ್ರೋಲ್ ಜೊತೆ 'ಡಿ' ಒತ್ತಿ. ತೆರೆಯುವ ಕಿಟಕಿಯಲ್ಲಿ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಎಂಬ ಭಾಗ ಹುಡುಕಿ, ಅಲ್ಲಿ ಫಾಂಟೂ ಗಾತ್ರವೂ ಬದಲಿಸಿ. ಲಿಬ್ರೆ ಆಫೀಸಿನಲ್ಲಿ ಟೂಲ್ಸ್, ಆಪ್ಷನ್ಸ್, ಅದರಲ್ಲಿ ಭಾಷೆಯ ಸೆಟ್ಟಿಂಗುಗಳಿಗೆ ಹೋಗಿ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಎದುರು ಕನ್ನಡ ಆರಿಸಿಕೊಳ್ಳಬೇಕು.

ಓದಲು ಬಂತು, ಇನ್ನು ಯೂನಿಕೋಡಿಗೆ ತನ್ನಿ

ಸರಿಯಾದ ನುಡಿ ಫಾಂಟ್ ಹಾಕಿದ ಕೂಡಲೇ ಗೆಳೆಯರ ಪರದೆಯ ಮೇಲೆ ಹಾಡುಗಳು ಸಾಲಾಗಿ ಕಾಣಿಸಿಕೊಂಡವು. ಕೆಲಸ ಅಲ್ಲಿಗೇ ಮುಗಿಯಿತೇ? ಇಲ್ಲ. ಹಾಡನ್ನು ವಾಟ್ಸ್ಆ್ಯಪಿಗೆ ಹಾಕಿದರೆ ಮತ್ತೆ ಅದೇ ಗೀಚು. ಫೈಲಿನ ಒಳಗಿರುವುದು ಇನ್ನೂ ಇಂಗ್ಲಿಷ್ ವೇಷದ ಅಂಕಿಗಳೇ ತಾನೆ?

ಹಳೆಯ ಪದ್ಧತಿಯಲ್ಲಿರುವ ಪಠ್ಯವನ್ನು ಗೂಗಲ್ ಹುಡುಕಿಕೊಡಲಾರದು. ದೃಷ್ಟಿದೋಷವುಳ್ಳವರಿಗೆ ಓದಿ ಹೇಳುವ ತಂತ್ರಾಂಶವೂ ಅದನ್ನು ಕನ್ನಡವಾಗಿ ಓದಲಾರದು, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೆಂದೇ ಓದಲು ಹೊರಡುತ್ತದೆ. ಪರದೆಯ ಮೇಲೆ ಎಷ್ಟೇ ಸ್ಫುಟವಾಗಿ ಕಂಡರೂ ಕಂಪ್ಯೂಟರಿನ ಮಟ್ಟಿಗೆ ಅದು ಕನ್ನಡವೇ ಅಲ್ಲ. ಆದ್ದರಿಂದ ಒಮ್ಮೆ ಯೂನಿಕೋಡಿಗೆ ಪರಿವರ್ತಿಸಿಬಿಡುವುದು ಒಳ್ಳೆಯದು.

ನುಡಿ ಮತ್ತು ಬರಹ ತಂತ್ರಾಂಶಗಳಲ್ಲೇ ಪರಿವರ್ತಕ ಸೌಲಭ್ಯವಿದೆ. ಆಸ್ಕಿಯಿಂದ ಯೂನಿಕೋಡಿಗೆ ಬದಲಿಸಿಕೊಡುವ ಉಚಿತ ಜಾಲತಾಣಗಳೂ ಇವೆ. ಉಯಿಲು, ಆಸ್ತಿ ಪತ್ರ, ಆಧಾರ್ ವಿವರ ಇರುವ ಕಾಗದಗಳನ್ನು ಮಾತ್ರ ಅಪರಿಚಿತ ಜಾಲತಾಣಕ್ಕೆ ಹಾಕಬೇಡಿ. ಅವುಗಳಿಗೆ ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ಮಾಡುವ ತಂತ್ರಾಂಶ ಬಳಸಿ.

ಪರಿವರ್ತನೆಯಾದ ಮೇಲೆ ಒಮ್ಮೆ ಕೂತು ಓದಲೇಬೇಕು. ಪಠ್ಯದ ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದು ತಿಳಿದು ಏನೇನೋ ಮಾಡಿಬಿಡುತ್ತದೆ. ಅರ್ಕಾವತ್ತು, 'ರ‍್ಯಾಂಕ್' ಥರದ ಪದಗಳು, ಅಂಕಿಗಳು, ಉದ್ಧರಣ ಚಿಹ್ನೆಗಳು ಎಡವುವ ಜಾಗಗಳು. ಕರಾರು ಪತ್ರದಲ್ಲಿ ಒಂದು ಅಂಕಿ ಬದಲಾದರೂ ಅರ್ಥವೇ ಬದಲಾಗುತ್ತದೆ. ಹಾಗಾಗಿ ಹಳೆಯ ಫೈಲನ್ನೂ, ಹಳೆಯ ಫಾಂಟನ್ನೂ ಹೊಸ ಪ್ರತಿಯ ಜೊತೆಗೇ ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳಿ.

ಬೇರೆಯವರಿಗೆ ಕಳಿಸುವಾಗ

ತಿದ್ದುವ ಅಗತ್ಯ ಇಲ್ಲದಿದ್ದರೆ ಪಿಡಿಎಫ್ ಮಾಡಿ ಕಳಿಸಿ. ವರ್ಡ್‌ನಿಂದ ಪಿಡಿಎಫ್ ಮಾಡಿದಾಗ ಸಾಮಾನ್ಯವಾಗಿ ಬೇಕಾದ ಅಕ್ಷರಗಳ ಚಿತ್ರಗಳೂ ಅದರೊಳಗೆ ಸೇರಿಕೊಳ್ಳುತ್ತವೆ. ಆ ಕಡೆ ಫಾಂಟ್ ಇರಲಿ ಬಿಡಲಿ, ನೀವು ನೋಡಿದಂತೆಯೇ ಅವರಿಗೂ ಕಾಣುತ್ತದೆ. ತಿದ್ದಲು ಬೇಕೆಂದಿದ್ದರೆ ವರ್ಡ್‌ನಲ್ಲಿ ಫೈಲ್, ಆಪ್ಷನ್ಸ್, ಸೇವ್ ಎಂದು ಹೋಗಿ 'ಎಂಬೆಡ್ ಫಾಂಟ್ಸ್ ಇನ್ ದ ಫೈಲ್' ಎದುರು ಗುರುತು ಹಾಕಿ. ಫಾಂಟಿನ ಪರವಾನಗಿ ಅನುಮತಿಸಿದರೆ ಅದು ಫೈಲಿನ ಜೊತೆಗೇ ಹೋಗುತ್ತದೆ.

ಹರಿದಾಡುವ ಮಾತುಗಳು: ನಿಜವೆಷ್ಟು, ಸುಳ್ಳೆಷ್ಟು?

ಮಾತು: ಫಾಂಟ್ ಹಾಕಿದರೆ ಕನ್ನಡ ಟೈಪ್ ಮಾಡಲು ಬರುತ್ತದೆ.
ವಾಸ್ತವ: ಯೂನಿಕೋಡ್ ಫಾಂಟ್ ಅಕ್ಷರ ತೋರಿಸುತ್ತದೆ, ಅಷ್ಟೇ. ಟೈಪ್ ಮಾಡಲು ಕೀಲಿಮಣೆ ವಿನ್ಯಾಸ ಬೇರೆಯೇ ಬೇಕು. ವಿಂಡೋಸ್‌ನಲ್ಲಿ ಭಾಷೆಯ ಸೆಟ್ಟಿಂಗಿಗೆ ಹೋಗಿ ಕನ್ನಡ ಸೇರಿಸಿದರೆ ಅದು ಸಿಗುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸ ರೂಢಿಯಾದವರಿಗೆ ನುಡಿ ಇದೆ.

ಮಾತು: ಈ ಆ್ಯಪ್ ಹಾಕಿಕೊಂಡರೆ ನಿಮ್ಮ ವಾಟ್ಸ್ಆ್ಯಪ್ ಸಂದೇಶ ಎಲ್ಲರಿಗೂ ಹೊಸ ಕನ್ನಡ ಫಾಂಟಿನಲ್ಲಿ ಕಾಣುತ್ತದೆ.
ವಾಸ್ತವ: ಸುಳ್ಳು. ಸಂದೇಶದ ಜೊತೆ ಹೋಗುವುದು ಅಂಕಿಗಳು ಮಾತ್ರ. ಯಾವ ಫಾಂಟಿನಲ್ಲಿ ತೋರಿಸಬೇಕೆಂದು ನಿರ್ಧರಿಸುವುದು ಓದುವವರ ಫೋನು. ಇಂಗ್ಲಿಷಿನಲ್ಲಿ ಕಾಣುವ 'ಸ್ಟೈಲಿಶ್' ಅಕ್ಷರಗಳಲ್ಲಿ ಬಹುಪಾಲು ಯೂನಿಕೋಡಿನಲ್ಲಿ ಗಣಿತಕ್ಕೆಂದು ಇರುವ ಬೇರೆ ಚಿಹ್ನೆಗಳು. ಕನ್ನಡಕ್ಕೆ ಅಂಥವು ಇಲ್ಲ.

ಮಾತು: ಹೆಚ್ಚು ಫಾಂಟ್ ಹಾಕಿದರೆ ಕಂಪ್ಯೂಟರ್ ನಿಧಾನವಾಗುತ್ತದೆ.
ವಾಸ್ತವ: ಹತ್ತಿಪ್ಪತ್ತು ಹಾಕಿದರೆ ಏನೂ ಆಗದು. ನೂರಾರು ಸೇರಿದರೆ ವರ್ಡ್‌ನಂಥ ತಂತ್ರಾಂಶಗಳು ತೆರೆಯಲು ತಡಮಾಡಬಹುದು. ಬೇಡವಾದವನ್ನು ತೆಗೆದುಹಾಕಲು ಅಡ್ಡಿಯಿಲ್ಲ.

ಮಾತು: ಕೆಲವು ಅಕ್ಷರಗಳನ್ನು ಕಳಿಸಿದರೆ ಫೋನೇ ಕೆಡುತ್ತದೆ, ಅದು ವೈರಸ್.
ವಾಸ್ತವ: ಈ ಭಯಕ್ಕೆ ಒಂದು ನಿಜ ಘಟನೆಯ ಹಿನ್ನೆಲೆ ಇದೆ. 2018ರ ಫೆಬ್ರವರಿಯಲ್ಲಿ ತೆಲುಗಿನ 'ಜ್ಞಾ' ರೂಪದ ಒಂದು ಅಕ್ಷರಗುಚ್ಛ ಬಂದರೆ ಐಫೋನಿನ ಕೆಲವು ಆ್ಯಪ್‌ಗಳು ಸ್ಥಗಿತವಾಗುತ್ತಿದ್ದವು. ಅದು ವೈರಸ್ ಅಲ್ಲ, ಅಕ್ಷರ ಜೋಡಿಸುವ ತಂತ್ರಾಂಶದಲ್ಲಿದ್ದ ದೋಷ. ಅದೇ ತಿಂಗಳು ಆ್ಯಪಲ್ ಅಪ್‌ಡೇಟ್ ಕೊಟ್ಟು ಸರಿಪಡಿಸಿತು.

ಮಾತು: ಫಾಂಟ್ ಬರೀ ಚಿತ್ರ, ಅದರಿಂದ ಅಪಾಯವೇ ಇಲ್ಲ.
ವಾಸ್ತವ: ಇದು ಪೂರ್ತಿ ಸರಿಯಲ್ಲ. 2011ರಲ್ಲಿ ಪತ್ತೆಯಾದ 'ಡುಕು' ಎಂಬ ಕುತಂತ್ರಾಂಶ ವಿಂಡೋಸ್ ಫಾಂಟ್ ಓದುವ ಭಾಗದಲ್ಲಿದ್ದ ದೋಷವನ್ನೇ ಬಳಸಿ, ವರ್ಡ್ ಫೈಲಿನ ಮೂಲಕ ಒಳನುಗ್ಗಿತ್ತು. ಆ ದೋಷವನ್ನು ಮೈಕ್ರೋಸಾಫ್ಟ್ ಸರಿಪಡಿಸಿದೆ. ಕಂಪ್ಯೂಟರನ್ನು ಅಪ್‌ಡೇಟ್ ಮಾಡಿಟ್ಟುಕೊಳ್ಳಬೇಕು ಎನ್ನುವುದು ಇಂಥ ಕಾರಣಕ್ಕೇ.

ಫಾಂಟಿನ ಹೆಸರಿನಲ್ಲಿ ಮೋಸ

ಅಕ್ಷರ ಕಾಣದಿದ್ದಾಗ ಜನ ಆತುರದಲ್ಲಿ ಸಿಕ್ಕಿದ್ದನ್ನೆಲ್ಲ ಹಾಕಿಕೊಳ್ಳುತ್ತಾರೆ ಎನ್ನುವುದು ವಂಚಕರಿಗೂ ಗೊತ್ತು. 2017ರಲ್ಲಿ ಹ್ಯಾಕ್ ಆಗಿದ್ದ ಕೆಲವು ಜಾಲತಾಣಗಳನ್ನು ಕ್ರೋಮ್‌ನಲ್ಲಿ ತೆರೆದವರಿಗೆ ಪುಟದ ಅಕ್ಷರಗಳೆಲ್ಲ ಬೇಕೆಂದೇ ಕಲಸಿಹೋದಂತೆ ಕಾಣುತ್ತಿದ್ದವು. 'ಫಾಂಟ್ ಸಿಗುತ್ತಿಲ್ಲ, ಅಪ್‌ಡೇಟ್ ಮಾಡಿ' ಎಂಬ ಅರ್ಥದ ಸೂಚನೆಯೂ ಬರುತ್ತಿತ್ತು. ಅದನ್ನು ಒತ್ತಿದರೆ ಬರುತ್ತಿದ್ದದ್ದು ಫಾಂಟಲ್ಲ, ಕುತಂತ್ರಾಂಶ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ 'ಸ್ಪೋರಾ' ಕೂಡ ಈ ದಾರಿಯಲ್ಲಿ ಹಬ್ಬಿತ್ತು.

ಆದ್ದರಿಂದ ಈ ನಾಲ್ಕು ಮಾತು ನೆನಪಿರಲಿ.

- ಬಿಡಿ ಫಾಂಟ್ ಬರುವುದು ಟಿಟಿಎಫ್ ಅಥವಾ ಒಟಿಎಫ್ ಆಗಿ. ಫಾಂಟ್ ಎಂದು ಹೇಳಿ ಇಎಕ್ಸ್ಇ ಅಥವಾ ಎಪಿಕೆ ಕೊಟ್ಟರೆ ತೆರೆಯಬೇಡಿ.
- ನುಡಿ, ಬರಹ ಇವು ಕೀಲಿಮಣೆಯೂ ಇರುವ ಪೂರ್ಣ ತಂತ್ರಾಂಶಗಳು. ಇವು ಇಎಕ್ಸ್ಇ ಆಗಿ ಬರುವುದು ಸಹಜ. ಆದರೆ ಅವುಗಳ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ, ಫಾರ್ವರ್ಡ್ ಲಿಂಕಿನಿಂದ ಬೇಡ.
- ಬ್ರೌಸರಿನಲ್ಲಿ ಪುಟ ಓದಲು ಫಾಂಟ್ ಹಾಕಿ ಎಂದು ಸೂಚನೆ ಬಂದರೆ ಆ ಪುಟವನ್ನೇ ಮುಚ್ಚಿ.
- ಉಚಿತವಾಗಿ ಸಿಕ್ಕ ಫಾಂಟೆಲ್ಲ ಎಲ್ಲ ಬಳಕೆಗೂ ಉಚಿತವಲ್ಲ. ಪುಸ್ತಕ, ಜಾಹೀರಾತಿಗೆ ಬಳಸುವ ಮುಂಚೆ ಪರವಾನಗಿ ನೋಡಿ. ಓಪನ್ ಫಾಂಟ್ ಲೈಸೆನ್ಸ್ ಎಂದಿದ್ದರೆ ನಿಶ್ಚಿಂತೆಯಿಂದ ಬಳಸಬಹುದು.

ಫೋನಿನಲ್ಲಿ ಏನು ಮಾಡಬೇಕು?

ಈಗಿನ ಫೋನುಗಳಲ್ಲಿ ಯೂನಿಕೋಡ್ ಕನ್ನಡ ಇದ್ದೇ ಇರುತ್ತದೆ, ಫಾಂಟ್ ಹಾಕುವ ಪ್ರಮೇಯ ಬರುವುದಿಲ್ಲ. ಯಾರೋ ಕಳಿಸಿದ ವರ್ಡ್ ಫೈಲು ಫೋನಿನಲ್ಲಿ ಗೀಚಿದಂತೆ ಕಂಡರೆ ಅದು ಹಳೆಯ ಪದ್ಧತಿಯದು ಎಂದು ತಿಳಿಯಿರಿ. ಕಳಿಸಿದವರನ್ನೇ ಪಿಡಿಎಫ್ ಮಾಡಿ ಕಳಿಸಲು ಕೇಳುವುದು ಎಲ್ಲಕ್ಕಿಂತ ಸುಲಭ. ಗೂಗಲ್ ಡಾಕ್ಸ್‌ನಲ್ಲಿ ಹೊಸ ಕನ್ನಡ ಫಾಂಟ್ ಬೇಕಿದ್ದರೆ ಕಂಪ್ಯೂಟರಿನ ಬ್ರೌಸರಿನಲ್ಲಿ ಅದನ್ನು ತೆರೆದು, ಫಾಂಟುಗಳ ಪಟ್ಟಿಯಲ್ಲಿ 'ಮೋರ್ ಫಾಂಟ್ಸ್' ಒತ್ತಿ, ಲಿಪಿಯ ಜಾಗದಲ್ಲಿ ಕನ್ನಡ ಆರಿಸಿ.

ಕೊನೆಗೆ

ಗೆಳೆಯರ ಮನೆಯ ಮದುವೆಯಲ್ಲಿ ಆ ಹಾಡುಗಳನ್ನು ಹಾಡಿದರು. ಪರಿವರ್ತಿಸಿದ ಪ್ರತಿಯನ್ನು ಮೊದಲೇ ಕುಟುಂಬದ ಗುಂಪಿಗೆ ಹಾಕಿದ್ದರು. ಎರಡು ಹಾಡುಗಳಲ್ಲಿ ಒಂದೊಂದು ಪದ ತಪ್ಪಾಗಿತ್ತು. ಅದನ್ನು ಕಂಡುಹಿಡಿದವರು ಆ ಹಾಡುಗಳನ್ನು ಅತ್ತೆಯ ಬಾಯಲ್ಲೇ ಕೇಳಿದ್ದ ಹಿರಿಯರೊಬ್ಬರು. ಫೋನು ಕೈಲಿ ಹಿಡಿದು ಓದುತ್ತಾ "ಇಲ್ಲಿ ಹೀಗಲ್ಲ" ಎಂದು ಅವರೇ ತಿದ್ದಿಸಿದರು. ಡಿಲೀಟ್ ಮಾಡು ಎಂದವರ ಮಾತು ಕೇಳಿದ್ದರೆ ತಿದ್ದಲು ಏನೂ ಉಳಿಯುತ್ತಿರಲಿಲ್ಲ.

ನಿಮ್ಮ ಮನೆಯಲ್ಲೂ ಹಳೆಯ ಸಿಡಿ, ಪೆನ್‌ಡ್ರೈವ್ ಇದ್ದರೆ ಈ ಭಾನುವಾರ ತೆಗೆದು ನೋಡಿ. ಗೀಚಿದಂತೆ ಕಂಡರೆ ಗಾಬರಿಯಾಗಬೇಡಿ. ಮೊದಲು ಒಂದು ನಕಲು ತೆಗೆದಿಡಿ, ಆಮೇಲೆ ಫಾಂಟಿನ ಹೆಸರು ನೋಡಿ. 'ಫೈಲ್ ಕೆಟ್ಟಿದೆ, ಅಳಿಸಿ' ಎಂದು ಗುಂಪಿನಲ್ಲಿ ಯಾರಾದರೂ ಹೇಳಿದರೆ, ಅವರಿಗೆ ಈ ಲೇಖನ ಫಾರ್ವರ್ಡ್ ಮಾಡಿ.